ಮಂಡ್ಯದವನ ರಾಗಿ, ಕಾರವಾರದ ಮಳೆ: ಸಿಕ್ಕಿದ್ದು ಒಂದು ಲೋಟ

ಕೋಡಿಬಾಗ ಹಿತ್ತಲು ಕೇಳಿದ್ದು:

ಕಾರವಾರದ ಕೋಡಿಬಾಗದಲ್ಲಿ ಬಾಡಿಗೆ ಮನೆ. ಹಿಂದೆ ಸುಮಾರು 300 ಚದರಡಿ ಜಾಗ, ಅರ್ಧ ಮರಳು, ಅರ್ಧ ಮಣ್ಣು, ಮೂಲೆಯಲ್ಲಿ ಮೂರು ತೆಂಗಿನ ಮರ. ಬೆಂಡೆ, ಬದನೆ, ಹರಿವೆ ಎಲ್ಲ ಆಯ್ತು, ಈ ಸಲ ರಾಗಿಯ ಹುಚ್ಚು ಹತ್ತಿತು. ನಾನು ಹುಟ್ಟಿದ್ದು ಮಂಡ್ಯ ಕಡೆ. ರಾಗಿ ಬೆಳೆಯೋಕೆ ಯಾರನ್ನು ಕೇಳಬೇಕು ಅನ್ನೋ ಜಂಬ ಬೇರೆ.

ಜೂನ್ ಮೊದಲ ಮಳೆ ಬಿದ್ದ ಮಾರನೇ ದಿನ ಕಿರಾಣಿ ಅಂಗಡಿಯ ರಾಗಿಯನ್ನೇ ಎರಡು ಹಿಡಿ ಎರಚಿದೆ. ಮೀನು ಗೊಬ್ಬರ ಧಾರಾಳ ಹಾಕಿದೆ. ಸೊಂಟದೆತ್ತರ ಬಂತು, ನೋಡೋಕೆ ಎರಡು ಕಣ್ಣು ಸಾಲದು. ಆಗಸ್ಟಿನ ಒಂದು ರಾತ್ರಿ ಗಾಳಿಗೆ ಪೂರ್ತಿ ಮಲಗಿತು. ಕೋಲು ನೆಟ್ಟು ಎತ್ತಿ ಕಟ್ಟಿದೆ. ಸೆಪ್ಟೆಂಬರ್ ಕೊನೆಗೆ ತೆನೆ ಕಂದು ತಿರುಗುತ್ತಿರುವಾಗ ವಾರವಿಡೀ ಮಳೆ, ತೆನೆಯ ಮೇಲೇ ಕಾಳು ಮೊಳೆತು ಹಸಿರು ಗಡ್ಡ ಬಿಟ್ಟಿತು. ಉಳಿದದ್ದಕ್ಕೆ ರಾಟವಾಳ ಹಕ್ಕಿಯ ಹಿಂಡು ಬಂತು. ಕೊನೆಗೆ ನನಗೆ ಸಿಕ್ಕಿದ್ದು ಒಂದು ಲೋಟ ರಾಗಿ. ಮುದ್ದೆ ಮಾಡಿ ತಿಂದೆವು. "ಈ ಮುದ್ದೆಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ" ಅಂದಳು ಮನೆಯವಳು.

ಈ ಊರಲ್ಲಿ ರಾಗಿ ಆಗುತ್ತೋ ಇಲ್ಲವೋ? ಅಥವಾ ನವಣೆಯೋ ಎಳ್ಳೋ ನೋಡಲಾ?

ಬೆಟ್ಟದಂಚು, ಶಿರಸಿ:

ತಮಾ, ತಿಂಗಳು ತಪ್ಪಿದೆ, ಅಷ್ಟೆ. ಹಿಂದೆ ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಕುಮರಿ (ಕಾಡು ಕಡಿದು ಸುಟ್ಟು ಬಿತ್ತುವ ಬೇಸಾಯ) ಮಾಡಿ ಮಳೆಗಾಲದಲ್ಲೇ ರಾಗಿ ಬೆಳೆಯುತ್ತಿದ್ದರು. ಆದರೆ ಅದು ಇಳಿಜಾರು, ಸುಟ್ಟ ಬೂದಿಯ ನೆಲ, ಬಿದ್ದ ನೀರು ನಿಲ್ಲುತ್ತಿರಲಿಲ್ಲ. ನಿಮ್ಮದು ಸಪಾಟು ಹಿತ್ತಲು. ಮಳೆ ಹೋದ ಮೇಲೆ ತೆನೆ ಹಣ್ಣಾಗುವ ಹಾಗೆ ಲೆಕ್ಕ ಹಾಕಿ.

ಆಗಸ್ಟ್ ಮೊದಲ ವಾರ ಮಾಡಿನ ಅಂಚಲ್ಲಿ, ಬೆಳಕು ಬರುವ ಕಡೆ, ಒಂದು ಬುಟ್ಟಿ ಮಣ್ಣಲ್ಲಿ ಸಸಿ ಮಾಡಿ. 20–25 ದಿನಕ್ಕೆ ಕಿತ್ತು ನೆಡಿ. ಸಾಲಿಂದ ಸಾಲಿಗೆ ಒಂದು ಅಡಿ, ಗಿಡದಿಂದ ಗಿಡಕ್ಕೆ ನಾಲ್ಕು ಇಂಚು. ಜಿಪಿಯು-28 ಅನ್ನುವ ರಾಗಿ ತಳಿ ಸಿಕ್ಕರೆ ತನ್ನಿ, ಬೆಂಕಿ ರೋಗ ತಡೆಯುತ್ತದೆ, 110–115 ದಿನಕ್ಕೆ ಬರುತ್ತದೆ. ಡಿಸೆಂಬರ್ ಹೊತ್ತಿಗೆ ಒಣ ಬಿಸಿಲಲ್ಲಿ ಕೊಯ್ಲು. ಅಕ್ಟೋಬರ್ ಕಳೆದ ಮೇಲೆ ವಾರಕ್ಕೊಮ್ಮೆ ನೀರು ಬೇಕಾಗುತ್ತದೆ, ನಿಮ್ಮ ಮರಳಿಗೆ ಎರಡು ಸಲವೂ ಬೇಕಾದೀತು.

ನಾಟಿಗೆ ಬೀಜ ಎಷ್ಟು ಗೊತ್ತುಂಟಾ? ಗುಂಟೆಗೆ 50 ಗ್ರಾಂ. ನಿಮ್ಮ ಜಾಗಕ್ಕೆ ಎರಡು ಚಮಚ. ಎರಡು ಹಿಡಿ ಎರಚಿದರೆ ಮಲಗದೆ ಇನ್ನೆಂತ ಮಾಡ್ತದೆ! ಮೀನು ಗೊಬ್ಬರವನ್ನು ತೆಂಗಿನ ಬುಡಕ್ಕೆ ಹಾಕಿ, ರಾಗಿಗೆ ಹಳೇ ಕೊಟ್ಟಿಗೆ ಗೊಬ್ಬರ ಸಾಕು.

ಎರಚುವುದರಲ್ಲಿ ಇನ್ನೊಂದು ಫಜೀತಿ ಇದೆ. ಕಾಡು ರಾಗಿ ಹುಲ್ಲೂ ರಾಗಿ ಸಸಿಯೂ ಚಿಕ್ಕದರಲ್ಲಿ ಅಣ್ಣ ತಮ್ಮ ಇದ್ದ ಹಾಗೆ. ನಾನು ಮೊದಲ ವರ್ಷ ರಾಗಿ ಕಿತ್ತು ಹುಲ್ಲು ಉಳಿಸಿದವಳು. ಸಾಲಲ್ಲಿ ನೆಟ್ಟರೆ ಸಾಲಿನ ಹೊರಗಿದ್ದದ್ದೆಲ್ಲ ಹುಲ್ಲು ಅಂತ ಕಣ್ಣು ಮುಚ್ಚಿ ಕೀಳಬಹುದು.

ನವಣೆ, ಸಾಮೆಗೆ ಕೈ ಹಾಕಬೇಡಿ. ಬೆಳೆಯುವುದು ಸುಲಭ, ಸಿಪ್ಪೆ ಬಿಡಿಸುವುದು ಯಾರು? ರಾಗಿ ಬಡಿದರೆ ಕಾಳೇ ಉದುರುತ್ತದೆ. ಎರಡು ಕೆಜಿ ಸಾಮೆ ಒರಳಲ್ಲಿ ಕುಟ್ಟಿ ನಾನೂ ಸೊಸೆಯೂ ಎರಡು ದಿನ ಮಾತು ಬಿಟ್ಟಿದ್ದೆವು.

ಬೇಲೆಕೇರಿ ಬದಿ:

ಅಕ್ಕೋರು ಹೇಳಿದ್ದು ಸರಿ. ನಾನು ಹಕ್ಕಿ ವಿಷಯ ಹೇಳ್ತೆ. ಹಳೇ ಮೀನುಬಲೆ ಮುಚ್ಚಿ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ ಮಾರಾಯ್ರೆ. ಕಣ್ಣು ದೊಡ್ಡದು, ರಾಟವಾಳ ತೂರಿ ಒಳಗೆ ಬರ್ತದೆ, ಹೊರಗೆ ಹೋಗುವಾಗ ಕಾಲು ಸಿಕ್ಕಿ ಒದ್ದಾಡ್ತದೆ. ಒಂದು ಬೆಳಿಗ್ಗೆ ಕತ್ತರಿ ಹಿಡಿದು ಮೂರು ಬಿಡಿಸಿದೆ, ನಾಲ್ಕನೇದು ಬದುಕಲಿಲ್ಲ. ಆಮೇಲೆ ಬಲೆ ಕಿತ್ತು ಬಿಸಾಡಿದೆ. ಈಗ ಹರಿದ ಸೊಳ್ಳೆಪರದೆಯಿಂದ ಚೀಲ ಹೊಲಿದು ಐದಾರು ತೆನೆ ಸೇರಿಸಿ ಕಟ್ತೆ. ಹಾಲುಗಾಳು ಇರುವಾಗಲೇ ಕಟ್ಟಬೇಕು, ಆಗಲೇ ಹಿಂಡು ಶುರು. ಮಳೆ ಬಂದ್ರೂ ಬೇಗ ಒಣಗ್ತದೆ.

ಕೋಡಿಬಾಗ ಹಿತ್ತಲು:

ಎರಡು ಚಮಚ! ನಮ್ಮಪ್ಪನಿಗೆ ಫೋನಲ್ಲಿ ಹೇಳಿದರೆ ನಕ್ಕು ಸುಸ್ತಾದರು. ತೆನೆ ಕೊಯ್ದು ಮೂರು ನಾಲ್ಕು ದಿನ ಗುಡ್ಡೆ ಹಾಕಿ, ಆಮೇಲೆ ಒಣಗಿಸಿ ಬಡಿಯೋದು ನನಗೆ ಗೊತ್ತು, ಅಷ್ಟಾದರೂ ಮರ್ಯಾದೆ ಉಳಿಯಿತು. ಬೇಲೆಕೇರಿಯವರೆ, ಸೊಳ್ಳೆಪರದೆ ಮನೆಯಲ್ಲೇ ಇದೆ, ಹರಿದದ್ದು ಅಂತ ಮನೆಯವಳನ್ನು ಒಪ್ಪಿಸಬೇಕು. ಚೆನ್ನಾಗಿ ಬಂದರೆ 300 ಚದರಡಿಗೆ ಎಷ್ಟು ನಿರೀಕ್ಷಿಸಬಹುದು? ಎಳ್ಳಿನ ಕತೆ ಏನು?

ಬೆಟ್ಟದಂಚು, ಶಿರಸಿ:

ನಾಲ್ಕೈದು ಕೆಜಿ ಬಂದರೆ ಅಡ್ಡಿಲ್ಲ ಅಂತ ತಿಳಿಯಿರಿ. ಅಂಬಲಿಗೂ ಒಂದೆರಡು ಸಲ ಹಾಲ್ಬಾಯಿಗೂ ಆಗುತ್ತದೆ. ವರ್ಷವಿಡೀ ಮುದ್ದೆ ಅಂದರೆ ಅಂಗಡಿಯೇ ಗತಿ.

ಎಳ್ಳಿಗೆ ನಿಮ್ಮ ಮರಳು ಒಳ್ಳೆಯದು. ಮಳೆಗಾಲದಲ್ಲಿ ಮಾತ್ರ ಬೇಡ, ಬುಡದಲ್ಲಿ ಎರಡು ದಿನ ನೀರು ನಿಂತರೆ ಹೋಯಿತು. ರಾಗಿ ತೆಗೆದು ಜನವರಿಯಲ್ಲಿ ಹಾಕಿ. ಬೀಜ ಸಣ್ಣ, ಒಣ ಮರಳಲ್ಲಿ ಬೆರೆಸಿ ಉದುರಿಸಿ, ಆಮೇಲೆ ದಟ್ಟ ಬಂದಲ್ಲಿ ಕೀಳಿ. ಸುಮಾರು 90 ದಿನ. ಕಾಯಿ ಕೆಳಗಿಂದ ಮೇಲಕ್ಕೆ ಹಣ್ಣಾಗುತ್ತಾ ಹೋಗುತ್ತದೆ. ತುದಿಯದು ಹಣ್ಣಾಗಲಿ ಅಂತ ಕಾದರೆ ಬುಡದ್ದು ಬಾಯಿ ಬಿಟ್ಟು ನೆಲ ಸೇರುತ್ತದೆ. ನಾನು ಹಾಗೆ ಕಾದ ವರ್ಷ ನಮ್ಮ ಅಂಗಳದ ಇರುವೆಗಳಿಗೆ ಹಬ್ಬ. ಬುಡದ ಕಾಯಿ ಹಳದಿ ಆದ ಕೂಡಲೇ ಕೊಯ್ದು, ಸೂಡಿ ಕಟ್ಟಿ, ಹಳೇ ಸೀರೆ ಹಾಸಿ ಗೋಡೆಗೆ ನಿಲ್ಲಿಸಿ. ಒಣಗಿದ ಮೇಲೆ ತಲೆಕೆಳಗು ಹಿಡಿದು ಕೊಡವಿದರಾಯಿತು. ಒಂದು ಹಿಡಿ ಹುರಿದು ತಂಬುಳಿ ಮಾಡಿ ನೋಡಿ.

ಕೋಡಿಬಾಗ ಹಿತ್ತಲು:

ಬರೆದಿಟ್ಟುಕೊಂಡೆ. ತೆಂಗಿನ ಮರದ ನೆರಳಲ್ಲೂ ಎರಡು ಸಾಲು ನೆಡಬಹುದಾ?

ಬೇಲೆಕೇರಿ ಬದಿ:

ನೆರಳಲ್ಲಿ ರಾಗಿ ನೆಟ್ಟರೆ ಹುಲ್ಲು ಸಿಗ್ತದೆ, ದನ ಇದ್ರೆ ನೆಡಿ. ಅಲ್ಲಿ ಅರಿಶಿನ ಹಾಕಿ. ಗಡ್ಡೆ ಬರ್ಲಿ ಬಿಡ್ಲಿ, ಕಡುಬಿಗೆ ಎಲೆಯಾದ್ರೂ ಆಯ್ತು.