ಹಳೆಯ ಪಂಚೆಯಲ್ಲಿ ಕೂಸಿನ ಬಟ್ಟೆ ಹೊಲಿಯುವುದು ಹೇಗೆ?

ಪ್ರಶ್ನೆ (ಶಿಡ್ಲಘಟ್ಟ): ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಾಳೆ, ಡಿಸೆಂಬರ್ ಕೊನೆಯ ವಾರದಲ್ಲಿ ದಿನ ತುಂಬುತ್ತದೆ. ಮಗು ಹುಟ್ಟುವ ಮೊದಲೇ ಹೊಸ ಬಟ್ಟೆ ಕೊಳ್ಳುವ ವಾಡಿಕೆ ನಮ್ಮ ಮನೆಯಲ್ಲಿ ಇಲ್ಲವಾದ್ದರಿಂದ, ಯಜಮಾನರ ನಾಲ್ಕು ಹಳೆಯ ಹತ್ತಿ ಪಂಚೆಗಳಲ್ಲಿ ಲಂಗೋಟಿ, ಅಂಗಿ, ಕುಲಾವಿಗಳನ್ನು ಹೊಲಿಯಬೇಕೆಂದಿದ್ದೇನೆ. ಯಾವ ಎಚ್ಚರಿಕೆ ಬೇಕು? ಸೀರೆಯ ಜೋಲಿಯನ್ನೂ ಕಟ್ಟಬಹುದೇ?

ಉತ್ತರ (ಚಿಂತಾಮಣಿ): ಅಕ್ಕ, ಎಷ್ಟೋ ಬಾರಿ ಒಗೆದು ಗಂಜಿಯೆಲ್ಲ ಹೋಗಿರುವ ಪಂಚೆಗಿಂತ ಮೃದುವಾದ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ. ಜರಿಯಂಚನ್ನು ಕತ್ತರಿಸಿ ತೆಗೆಯಿರಿ. ಹೊಲಿಗೆಯ ಮಡಿಕೆ ಹೊರಮೈಗೆ ಬರಲಿ. ನನ್ನ ಮಗನ ಮೊದಲ ಅಂಗಿಯಲ್ಲಿ ಅದು ಒಳಗಿದ್ದುದರಿಂದ ಎಳೆಯ ಕಂಕುಳಲ್ಲಿ ಕೆಂಪು ಗೀರು ಮೂಡಿದ್ದನ್ನು ಕಂಡು ಅಂದು ರಾತ್ರಿಯೇ ಎಲ್ಲವನ್ನೂ ಬಿಚ್ಚಿ ಹೊಲಿದೆ. ಗುಂಡಿಯ ಬದಲು ಪಕ್ಕದಲ್ಲಿ ಗಿಡ್ಡ ಲಾಡಿಯಿಡಿ. ಲಂಗೋಟಿ ಎರಡು ಡಜನ್ ಆದರೂ ಇರಲಿ, ಚಳಿಗಾಲದಲ್ಲಿ ಬೇಗ ಒಣಗುವುದಿಲ್ಲ.

ಉತ್ತರ (ತುಮಕೂರು, ಶುಶ್ರೂಷಕಿ): ಪಂಚೆಗಳು ನುಸಿಗುಳಿಗೆಯ ಪೆಟ್ಟಿಗೆಯಲ್ಲಿದ್ದವೇ, ಅಮ್ಮ? ನಾಫ್ತಲಿನ್ ಅಂಟಿದ ಬಟ್ಟೆಯಿಂದ, ಜಿ೬ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಬರಬಹುದು. ಹಾಗಾಗಿ ಅಂಥ ಬಟ್ಟೆಯನ್ನು ದಯವಿಟ್ಟು ಕೂಸಿಗೆ ಬಳಸಬೇಡಿ. ಜೋಲಿಯಲ್ಲಿ ಗದ್ದ ಎದೆಗೆ ಒತ್ತಿ ಉಸಿರಿಗೆ ತೊಡಕಾಗುವ ಅಪಾಯವಿದೆ. ಸಮತಟ್ಟಾದ, ಗಟ್ಟಿಯಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ಸಾಸಿವೆ ದಿಂಬೂ ಬೇಡ.

ಪ್ರಶ್ನೆ ಕೇಳಿದವರು: ಎರಡು ಪಂಚೆಗಳು ಅದೇ ಪೆಟ್ಟಿಗೆಯಲ್ಲಿದ್ದವು, ಅವನ್ನು ಬೇರೆಯಿಟ್ಟೆ. ಉಳಿದವನ್ನು ಕುದಿಸಿ ಬಿಸಿಲಿಗೆ ಹರವಿದ್ದೇನೆ. ಲಾಡಿಗಳನ್ನು ಮಗಳೇ ಹೊಲಿಯುತ್ತಾಳಂತೆ.