ಅಪ್‌ಡೇಟ್: ಬೆಳಿಗ್ಗೆ ಕಂಪ್ಯೂಟರ್ ಸ್ತಬ್ಧವಾಗುತ್ತಿದ್ದ ತೊಂದರೆ ಸರಿಹೋಯಿತು

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಆ್ಯಂಟಿವೈರಸ್ ಸ್ಕ್ಯಾನ್ ಶುರುವಾಗಿ ಮೌಸ್ ಕೂಡ ಅಲುಗಾಡುವುದಿಲ್ಲ ಅಂತ ಕಳೆದ ವಾರ ಕೇಳಿದ್ದೆ. ಈಗ ಆರಾಮಾಗಿದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಕೆಲವು ಫೋಲ್ಡರ್‌ಗಳನ್ನು ಸ್ಕ್ಯಾನ್‌ನಿಂದ ಹೊರಗಿಟ್ಟು ನೋಡಿದೆ, ಪ್ರಯೋಜನವಾಗಲಿಲ್ಲ. ಡೌನ್‌ಲೋಡ್ಸ್ ಫೋಲ್ಡರನ್ನೂ ಬಿಟ್ಟಿದ್ದೆ. ಅಪಾಯ ಬರುವುದೇ ಅಲ್ಲಿಂದ ಅಲ್ವಾ? ವಾಪಸ್ ಸೇರಿಸಿದೆ. ರಿಯಲ್‌ಟೈಮ್ ಪ್ರೊಟೆಕ್ಷನ್ (ಫೈಲ್ ತೆರೆದಾಗಲೇ ತಪಾಸಣೆ ಮಾಡುವ ಕಾವಲು) ಆಫ್ ಮಾಡಿ ಎಂದು ಕೆಲವರು ಹೇಳಿದರೂ ಮನಸ್ಸು ಒಪ್ಪಲಿಲ್ಲ.

ಕೆಲಸಕ್ಕೆ ಬಂದಿದ್ದು 'ಶೆಡ್ಯೂಲ್ ನೋಡಿ' ಎಂದವರ ಮಾತು. ಇಡೀ ಕಂಪ್ಯೂಟರ್ ತಪಾಸಣೆ ಮಾಡುವ ಫುಲ್ ಸ್ಕ್ಯಾನ್ ದಿನಾ ರಾತ್ರಿ 2 ಗಂಟೆಗೆ ಅಂತಿತ್ತು. ಆ ಹೊತ್ತಿಗೆ ಕಂಪ್ಯೂಟರ್ ಆಫ್ ಇರುತ್ತದೆ. ಅದರ ಕೆಳಗೇ ಒಂದು ಪುಟ್ಟ ಟಿಕ್: ತಪ್ಪಿದ ಸ್ಕ್ಯಾನ್ ಅನ್ನು ಆನ್ ಆದ ತಕ್ಷಣ ನಡೆಸು! ಟಿಕ್ ತೆಗೆದೆ. ದಿನಾ ಮಧ್ಯಾಹ್ನ ಮುಖ್ಯ ಜಾಗಗಳನ್ನಷ್ಟೇ ನೋಡುವ ಕ್ವಿಕ್ ಸ್ಕ್ಯಾನ್, ಫುಲ್ ಸ್ಕ್ಯಾನ್ ಭಾನುವಾರ ಮಾತ್ರ ಅಂತ ಇಟ್ಟೆ.

ಗೊತ್ತೇ ಇರದ ಇನ್ನೊಂದು ವಿಷಯ ಸಿಕ್ಕಿತು. ಹಳೆಯ ಟ್ರಯಲ್ ಆ್ಯಂಟಿವೈರಸ್ ಒಂದು ಇನ್ನೂ ಓಡುತ್ತಿತ್ತು. ಒಂದೇ ಫೈಲನ್ನು ಎರಡೂ ತಪಾಸಣೆ ಮಾಡುತ್ತಿದ್ದವು. ಟಾಸ್ಕ್ ಮ್ಯಾನೇಜರ್‌ನಲ್ಲಿ (ಯಾವ ಪ್ರೋಗ್ರಾಂ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಕಿಟಕಿ) ಡಿಸ್ಕ್ 100% ಬ್ಯುಸಿ ಅಂತ ತೋರಿಸುತ್ತಿದ್ದದ್ದು ಸುಮ್ನೆ ಅಲ್ಲ. ಸಾಮಾನ್ಯ ಅನ್‌ಇನ್‌ಸ್ಟಾಲ್‌ಗೆ ಪೂರ್ತಿ ಹೋಗಲಿಲ್ಲ. ಅದನ್ನು ತಯಾರಿಸಿದವರೇ ಕೊಡುವ ರಿಮೂವಲ್ ಟೂಲ್ ಹಾಕಿ, ರೀಸ್ಟಾರ್ಟ್ ಮಾಡಿದ ಮೇಲೆ ಹೋಯಿತು.

ಈ ಭಾನುವಾರ ಫುಲ್ ಸ್ಕ್ಯಾನ್ ನಡೆಯುವಾಗಲೇ ಎರಡು ಪುಟ ಟೈಪ್ ಮಾಡಿದೆ, ಒಂದು ಸಲವೂ ನಿಲ್ಲಲಿಲ್ಲ.