ಬೊಜ್ಜು ಮತ್ತು ಹೃದಯ ವೈಫಲ್ಯ ಎರಡೂ ಇರುವವರ ಅಡುಗೆಗೆ ಯಾವ ಎಣ್ಣೆ, ಎಷ್ಟು ಎಣ್ಣೆ?

ಹನುಮಂತನಗರದ ಸೊಸೆ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೆ 62 ವರ್ಷ, ಎತ್ತರ 155 ಸೆಂಟಿಮೀಟರ್, ತೂಕ 92 ಕಿಲೊ. ಹೋದ ತಿಂಗಳು ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಹೃದಯ ರಕ್ತವನ್ನು ತಳ್ಳುವ ಶಕ್ತಿ ಚೆನ್ನಾಗಿಯೇ ಇದೆ, ಆದರೆ ಅದರ ಗೋಡೆ ಬಿಗಿಯಾಗಿರುವುದರಿಂದ ಸರಿಯಾಗಿ ಸಡಿಲಗೊಂಡು ತುಂಬಿಕೊಳ್ಳುತ್ತಿಲ್ಲ, ಇದೂ ಹೃದಯ ವೈಫಲ್ಯದ ಒಂದು ಬಗೆ ಎಂದು ಎಕೋ ನೋಡಿದ ವೈದ್ಯರು ತಿಳಿಸಿದರು. ಮನೆಗೆ ಕಳುಹಿಸುವಾಗ ಕೊಟ್ಟ ಹಾಳೆಯಲ್ಲಿ ಊಟದ ಬಗ್ಗೆ ಇದ್ದದ್ದು ‘ಉಪ್ಪು, ಕೊಬ್ಬು ಕಡಿಮೆ’ ಎಂಬ ಮಾತಷ್ಟೇ.

ನಾನು ಅದನ್ನು ಅಕ್ಷರಶಃ ಪಾಲಿಸಿ ಮೂರು ವಾರ ಒಗ್ಗರಣೆಯನ್ನೇ ನಿಲ್ಲಿಸಿದೆ. ಊಟ ಸಪ್ಪೆಯಾಯಿತು, ಅತ್ತೆಯವರಿಗೆ ಒಂದು ಗಂಟೆಯೊಳಗೆ ಮತ್ತೆ ಹಸಿವಾಗತೊಡಗಿತು, ರಸ್ಕು ಮತ್ತು ಅವಲಕ್ಕಿಯ ಡಬ್ಬಿಗಳು ಬೇಗ ಬೇಗ ಖಾಲಿಯಾದವು. ತೂಕ ಮಾತ್ರ ಇಳಿಯಲಿಲ್ಲ. ಈಗ ಬಂಧುಗಳೊಬ್ಬರು ಗಾಣದ ಕೊಬ್ಬರಿ ಎಣ್ಣೆ ಒಳ್ಳೆಯದು ಎನ್ನುತ್ತಾರೆ, ಪಕ್ಕದ ಮನೆಯವರು ತುಪ್ಪ ಹೃದಯಕ್ಕೆ ಬಲ ಎನ್ನುತ್ತಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಆಹಾರ ತಜ್ಞೆ, ವಿಜಯನಗರ:

ನೀವು ಮಾಡಿದ್ದನ್ನು ಬಹಳಷ್ಟು ಮನೆಗಳಲ್ಲಿ ಮಾಡುತ್ತಾರೆ, ಆದ್ದರಿಂದ ಬೇಸರ ಮಾಡಿಕೊಳ್ಳಬೇಡಿ. ಎಣ್ಣೆಯನ್ನು ತೆಗೆದುಹಾಕಿದಾಗ ಆ ಜಾಗಕ್ಕೆ ಏನು ಬರುತ್ತದೆ ಎನ್ನುವುದೇ ಮುಖ್ಯ. ಒಗ್ಗರಣೆಯ ಜಾಗಕ್ಕೆ ರಸ್ಕು ಬಂದರೆ ಹೃದಯಕ್ಕೂ ಲಾಭವಿಲ್ಲ, ತೂಕಕ್ಕೂ ಲಾಭವಿಲ್ಲ. ತುಪ್ಪ, ಕೊಬ್ಬರಿ ಎಣ್ಣೆ, ತಾಳೆ ಎಣ್ಣೆಗಳಲ್ಲಿರುವ, ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬನ್ನು ತಗ್ಗಿಸಿ, ಕಡಲೆಕಾಯಿ, ಎಳ್ಳು, ಸೂರ್ಯಕಾಂತಿ, ಸಾಸಿವೆ ಎಣ್ಣೆಗಳಲ್ಲಿ ಹೆಚ್ಚಾಗಿರುವ ಅನ್‌ಸ್ಯಾಚುರೇಟೆಡ್ ಕೊಬ್ಬನ್ನು ಅಳತೆಯಲ್ಲಿ ಬಳಸಬೇಕು.

ಕೊಬ್ಬರಿ ಎಣ್ಣೆಯ ಲೆಕ್ಕವನ್ನು ಒಮ್ಮೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸ್ಯಾಚುರೇಟೆಡ್ ಕೊಬ್ಬಿನಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ 10%ಕ್ಕಿಂತ ಹೆಚ್ಚಿರಬಾರದು. ದಿನಕ್ಕೆ 1500 ಕ್ಯಾಲೊರಿ ತಿನ್ನುವವರಿಗೆ ಇದು ಸುಮಾರು 17 ಗ್ರಾಂ. ಕೊಬ್ಬರಿ ಎಣ್ಣೆಯ ಒಂದೇ ಊಟದ ಚಮಚದಲ್ಲಿ 11ರಿಂದ 12 ಗ್ರಾಂನಷ್ಟು ಇಂಥ ಕೊಬ್ಬಿರುತ್ತದೆ. ಗಾಣದಲ್ಲಿ ತೆಗೆದರೂ ಗಿರಣಿಯಲ್ಲಿ ತೆಗೆದರೂ ಈ ಅಂಕಿ ಬದಲಾಗುವುದಿಲ್ಲ. ನಮ್ಮ ಬಡಾವಣೆಗಳಲ್ಲಿ ಗಾಣದ ಎಣ್ಣೆಯ ಅಂಗಡಿಗಳು ಹೆಚ್ಚಾಗಿರುವುದು ಸಂತೋಷವೇ, ಪರಿಮಳವೂ ಚೆನ್ನಾಗಿರುತ್ತದೆ, ಆದರೆ ‘ಗಾಣದ್ದು’ ಎಂಬ ಧೈರ್ಯದಲ್ಲಿ ಕೈ ಬಿಟ್ಟು ಸುರಿಯುವವರನ್ನು ನಾನು ಪ್ರತಿ ವಾರ ನೋಡುತ್ತೇನೆ. ಎಣ್ಣೆ ಯಾವುದೇ ಆಗಲಿ, ಗ್ರಾಂಗೆ 9 ಕ್ಯಾಲೊರಿ.

ಇಂಥ ಹೃದಯ ವೈಫಲ್ಯದಲ್ಲಿ ತೂಕ ಇಳಿಸುವುದರಿಂದ ನಿಜವಾಗಿಯೂ ಉಪಯೋಗವಿದೆ. 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ನಿಮ್ಮ ಅತ್ತೆಯವರಂತೆ ಬೊಜ್ಜು ಮತ್ತು ಇದೇ ಬಗೆಯ ವೈಫಲ್ಯವಿದ್ದ 100 ಮಂದಿ ಹಿರಿಯರಲ್ಲಿ ಮಿತಾಹಾರ ಮತ್ತು ನಡಿಗೆಯ ವ್ಯಾಯಾಮವನ್ನು 20 ವಾರ ಪರೀಕ್ಷಿಸಿದಾಗ, ಎರಡೂ ದಣಿವಿಲ್ಲದೆ ಶ್ರಮಪಡುವ ಸಾಮರ್ಥ್ಯವನ್ನು ಹೆಚ್ಚಿಸಿದವು, ಎರಡನ್ನೂ ಒಟ್ಟಿಗೆ ಮಾಡಿದವರಿಗೆ ಇನ್ನೂ ಹೆಚ್ಚು ಅನುಕೂಲವಾಯಿತು. ಆದ್ದರಿಂದ ಒಳ್ಳೆಯ ಕೊಬ್ಬೂ ದಿನದ ಕ್ಯಾಲೊರಿಯ ಮಿತಿಯೊಳಗೇ ಇರಬೇಕು.

ಅಳತೆಗೆ ನಾನು ಹೇಳುವ ದಾರಿ ಸರಳವಾದದ್ದು. ಅವರೊಬ್ಬರ ಪಾಲಿಗೆ ತಿಂಗಳಿಗೆ ಅರ್ಧ ಲೀಟರ್ ಎಣ್ಣೆಯನ್ನು ಬೇರೆ ಬಾಟಲಿಗೆ ಹಾಕಿ, ಮೇಲೆ ದಿನಾಂಕ ಬರೆದಿಡಿ. ದಿನಕ್ಕೆ ಮೂರು ಟೀ ಚಮಚಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ, ಪಲ್ಯಕ್ಕೂ ಸಾರಿನ ಒಗ್ಗರಣೆಗೂ ಅದು ಸಾಕು. ಇದರ ಜೊತೆಗೆ ಹುಚ್ಚೆಳ್ಳು ಅಥವಾ ಅಗಸೆ ಬೀಜವನ್ನು ಹುರಿದು ಮಾಡಿದ ಚಟ್ನಿಪುಡಿ ಒಂದು ಚಮಚ ಇರಲಿ. ಅಗಸೆಯಲ್ಲಿ ಒಮೆಗಾ-3 ಎಂಬ ಒಳ್ಳೆಯ ಕೊಬ್ಬಿನ ಸಸ್ಯಮೂಲದ ಬಗೆ ಇದೆ, ಆದರೆ ಇಡೀ ಬೀಜ ಜೀರ್ಣವಾಗದೆ ಹಾಗೆಯೇ ಹೊರಹೋಗುವುದುಂಟು. ಪುಡಿ ಮಾಡಿಯೇ ತಿನ್ನಬೇಕು.

ಅಪ್ಪನನ್ನು ನೋಡಿಕೊಳ್ಳುವ ಮಗ, ಬಸವನಗುಡಿ:

ಮೇಡಂ ಹೇಳಿದ್ದೆಲ್ಲ ಸರಿ, ಅದರೊಂದಿಗೆ ಉಪ್ಪಿನ ವಿಷಯವನ್ನು ನಾನು ಸೇರಿಸಲೇಬೇಕು, ಏಕೆಂದರೆ ನಮ್ಮ ಮನೆಯಲ್ಲಿ ಅದರಿಂದಲೇ ತೊಂದರೆಯಾಯಿತು. ಕಡಲೆಬೀಜದ ಕೊಬ್ಬು ಹೃದಯಕ್ಕೆ ಒಳ್ಳೆಯದೆಂದು ಕೇಳಿ, ನಮ್ಮ ತಂದೆಯವರಿಗೆ ಬೇಕರಿಯಿಂದ ಉಪ್ಪು-ಖಾರ ಹಚ್ಚಿದ ಕಾಂಗ್ರೆಸ್ ಕಡಲೆಕಾಯಿ ತಂದು ದಿನಾ ಸಂಜೆ ಒಂದು ಬಟ್ಟಲು ಕೊಟ್ಟೆ. ನಾಲ್ಕನೆಯ ದಿನ ಅವರ ಕಾಲುಚೀಲ ತೆಗೆದಾಗ ಅದರ ಪಟ್ಟಿಯ ಗುರುತು ಕಣಕಾಲಿನ ಸುತ್ತ ಹಳ್ಳವಾಗಿ ಉಳಿದಿತ್ತು, ತೂಕ ಎರಡೂವರೆ ಕಿಲೊ ಏರಿತ್ತು. ಅದು ಬೊಜ್ಜಲ್ಲ, ಉಪ್ಪಿನಿಂದಾಗಿ ದೇಹದಲ್ಲಿ ನಿಂತ ನೀರು. ವೈದ್ಯರು ಮೂತ್ರ ಹೆಚ್ಚಿಸುವ ಮಾತ್ರೆಯ ಪ್ರಮಾಣವನ್ನು ಬದಲಾಯಿಸಬೇಕಾಯಿತು.

ಈಗ ಹಸಿ ಕಡಲೆಬೀಜವನ್ನು ನಾವೇ ಬಾಣಲೆಯಲ್ಲಿ ಉಪ್ಪಿಲ್ಲದೆ ಹುರಿದು, ತಕ್ಕಡಿಯಲ್ಲಿ 30 ಗ್ರಾಂ ತೂಗಿ ಕೊಡುತ್ತೇವೆ. ಅಷ್ಟರಲ್ಲೇ ಸುಮಾರು 170 ಕ್ಯಾಲೊರಿ ಇರುವುದರಿಂದ ಕಣ್ಣಳತೆಗೆ ಬಿಡುವುದಿಲ್ಲ. ಪ್ರತಿದಿನ ಬೆಳಗ್ಗೆ ಮೂತ್ರ ವಿಸರ್ಜನೆಯ ನಂತರ, ತಿಂಡಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ. ಮೂರು ದಿನಗಳಲ್ಲಿ ಎರಡು ಕಿಲೊಗಿಂತ ಹೆಚ್ಚು ಏರಿದರೆ ಕಾಯದೆ ವೈದ್ಯರಿಗೆ ತಿಳಿಸಿ. ಹಪ್ಪಳ, ಉಪ್ಪಿನಕಾಯಿ, ಅಂಗಡಿಯ ಚಟ್ನಿಪುಡಿಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಔಷಧಿ ಅಂಗಡಿಯವರು, ಮಲ್ಲೇಶ್ವರಂ:

ಇಬ್ಬರೂ ಹೇಳದ ಎರಡು ವಿಷಯಗಳಿವೆ. ಬೆಣ್ಣೆಹಣ್ಣಿನಲ್ಲಿ ಒಳ್ಳೆಯ ಕೊಬ್ಬಿರುವುದು ನಿಜ, ಆದರೆ ನೂರು ಗ್ರಾಂನಲ್ಲಿ ಸುಮಾರು 485 ಮಿಲಿಗ್ರಾಂ ಪೊಟ್ಯಾಶಿಯಂ ಇದೆ. ಅತ್ತೆಯವರ ಮಾತ್ರೆಗಳಲ್ಲಿ, ಪೊಟ್ಯಾಶಿಯಂ ಅನ್ನು ದೇಹದಲ್ಲೇ ಉಳಿಸುವ ಸ್ಪೈರನೊಲ್ಯಾಕ್ಟೋನ್ ಇದ್ದರೆ, ಅಥವಾ ಮೂತ್ರಪಿಂಡ ದುರ್ಬಲವಾಗಿದ್ದರೆ, ರಕ್ತದಲ್ಲಿನ ಪೊಟ್ಯಾಶಿಯಂ ಎಷ್ಟಿದೆ ಎಂದು ವೈದ್ಯರಿಂದ ತಿಳಿದ ಮೇಲೆಯೇ ಅದನ್ನು ಕೊಡಿ. ಜ್ಯೂಸ್ ಅಂಗಡಿಯ ಸಕ್ಕರೆ ಹಾಕಿದ ಬೆಣ್ಣೆಹಣ್ಣಿನ ಜ್ಯೂಸಂತೂ ಬೇಡವೇ ಬೇಡ.

ಮೀನೆಣ್ಣೆಯ ಕ್ಯಾಪ್ಸೂಲನ್ನು ತಾವಾಗಿಯೇ ಕೊಂಡು ನುಂಗುವುದೂ ಸರಿಯಲ್ಲ. 2008ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ, ಸುಮಾರು 7000 ಹೃದಯ ವೈಫಲ್ಯದ ರೋಗಿಗಳಲ್ಲಿ ದಿನಕ್ಕೆ ಒಂದು ಗ್ರಾಂ ಒಮೆಗಾ-3ರಿಂದ ಅಲ್ಪ ಪ್ರಯೋಜನ ಕಂಡಿತ್ತು, ಆದರೆ ನಂತರದ ಅಧ್ಯಯನಗಳಲ್ಲಿ, ಮುಖ್ಯವಾಗಿ ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡಾಗ, ಹೃದಯದ ಲಯ ತಪ್ಪುವ ಸಾಧ್ಯತೆ ಏರಿದ್ದೂ ಕಂಡಿದೆ. ಮೀನು ತಿನ್ನುವ ಮನೆಯಾದರೆ ವಾರಕ್ಕೆರಡು ಬಾರಿ ಬಂಗುಡೆ ಅಥವಾ ಭೂತಾಯಿ ಸಾರು ಮಾಡಿ; ಕರಿಯಬೇಡಿ.

ಹನುಮಂತನಗರದ ಸೊಸೆ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಾತ್ರೆಯ ಚೀಟಿಯನ್ನು ಈಗಷ್ಟೇ ತೆಗೆದು ನೋಡಿದೆ, ಸ್ಪೈರನೊಲ್ಯಾಕ್ಟೋನ್ ಇದೆ, ಆದ್ದರಿಂದ ಬೆಣ್ಣೆಹಣ್ಣನ್ನು ಸದ್ಯಕ್ಕೆ ತರುವುದಿಲ್ಲ. ಅರ್ಧ ಲೀಟರಿನ ಬಾಟಲಿಗೆ ಕಡಲೆಕಾಯಿ ಎಣ್ಣೆ ತುಂಬಿಸಿ ಇಂದಿನ ದಿನಾಂಕ ಬರೆದೆ. ಒಂದೇ ಸಂದೇಹ ಉಳಿದಿದೆ: ಬಿಸಿ ಅನ್ನಕ್ಕೆ ತುಪ್ಪವೇ ಇಲ್ಲದೆ ಅತ್ತೆಯವರು ಊಟಕ್ಕೆ ಕೂರುವುದಿಲ್ಲ. ಪೂರ್ತಿ ನಿಲ್ಲಿಸಲೇಬೇಕೇ?

ಆಹಾರ ತಜ್ಞೆ, ವಿಜಯನಗರ:

ನಿಲ್ಲಿಸಬೇಕಿಲ್ಲ. ಮಧ್ಯಾಹ್ನ ಒಂದು ಟೀ ಚಮಚ ಕೊಡಿ, ಅದರಲ್ಲಿ ಸುಮಾರು 3 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿರುತ್ತದೆ. ಅಂದು ಬಾಟಲಿಯಿಂದ ಒಂದು ಟೀ ಚಮಚ ಎಣ್ಣೆ ಕಡಿಮೆ ಬಳಸಿ. ತುಪ್ಪದ ಡಬ್ಬಿ ಮಾತ್ರ ಊಟದ ಮೇಜಿನ ಮೇಲಿರದೆ ಅಡುಗೆಮನೆಯಲ್ಲೇ ಇರಲಿ, ಬಡಿಸುವ ಕೈ ನಿಮ್ಮದಾಗಿರಲಿ.